ಕೊರೊನಾ ಲಸಿಕೆ ತಗೊಂಡು ಒಳ್ಳೆಯದಾಯಿತಾ, ಕೆಟ್ಟದಾಯಿತಾ? ಕೋಲಾರ ಕಡೆಯವರು ಹೇಳಿ

ಮಾಲೂರು ತಂಗಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ದಿನಾ ಇದೇ ಮಾತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಬೀದಿಯಲ್ಲಿ 38 ವರ್ಷದ ಒಬ್ಬರು ಇದ್ದಕ್ಕಿದ್ದಂತೆ ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಸಾವಿನ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ: "ಆ ಕೊರೊನಾ ಸೂಜಿಯಿಂದಲೇ ಹೀಗಾಗುತ್ತಿರೋದು."

ನಮ್ಮಣ್ಣನಿಗೆ 36. ಅವನೂ ಎರಡು ಡೋಸ್ ಕೋವಿಶೀಲ್ಡ್ ತಗೊಂಡಿದ್ದಾನೆ. ಅವತ್ತಿನಿಂದ ಎದೆ ಸ್ವಲ್ಪ ಚುಳುಕ್ ಅಂದರೂ ಗಾಬರಿ. ಯಾರೋ ಡಿ-ಡೈಮರ್ ಟೆಸ್ಟ್ (ಮೈಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸು ಅಂದಿದ್ದಾರೆ, ಬೆಂಗಳೂರಿಗೆ ಹೋಗ್ತೀನಿ ಅಂತಿದ್ದಾನೆ. ಅದಕ್ಕಿಂತ ನನಗೆ ಚಿಂತೆ ಅತ್ತಿಗೆಯದು. ಪಾಪುಗೆ ಒಂಬತ್ತು ತಿಂಗಳು ತುಂಬಿ ಹತ್ತು ನಡೆಯುತ್ತಿದೆ. ದಡಾರದ ಇಂಜೆಕ್ಷನ್ ಹಾಕಿಸಬೇಕು. "ಒಂದು ಸೂಜಿ ನಂಬಿ ಈಗ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀವಿ, ಮಗುಗೆ ಇನ್ನೊಂದು ಬೇಡ" ಅಂತಾರೆ. ಆಶಾ ಅಕ್ಕ ಬಂದು ಬಂದು ವಾಪಸ್ ಹೋದರು.

ಯಾರನ್ನೂ ಬೈಯೋದು ನನಗೆ ಬೇಕಿಲ್ಲ. ಲಸಿಕೆಯಿಂದ ಎಷ್ಟು ಉಪಕಾರ ಆಯಿತು, ಎಷ್ಟು ಅಪಾಯ ಇತ್ತು, ಈಗ ನಾವು ಏನು ಮಾಡಬೇಕು? ತಿಳಿದವರು ಬಿಡಿಸಿ ಹೇಳಿ.

ಟೊಮೇಟೊ ಮಂಡಿ

ತಂಗಿ, ನಿಮ್ಮ ಅತ್ತಿಗೆ ಹೇಳೋದರಲ್ಲಿ ತಪ್ಪೇನಿದೆ? ಹಾಸನದಲ್ಲಿ ಚಿಕ್ಕ ವಯಸ್ಸಿನವರು ಒಬ್ಬರ ಹಿಂದೆ ಒಬ್ಬರು ಹೋದಾಗ, 2025ರ ಜುಲೈ 1ರಂದು ಮುಖ್ಯಮಂತ್ರಿಗಳೇ ಹೇಳಿದರಲ್ಲ, ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂತ. ಅದಕ್ಕೂ ಮುಂಚೆ, 2024ರಲ್ಲಿ, ಅಸ್ಟ್ರಾಜೆನೆಕಾ ಕಂಪನಿಯವರು ತಮ್ಮ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದು ಪೇಪರಿನಲ್ಲಿ ಬಂತು. ನಮ್ಮ ಕೋವಿಶೀಲ್ಡ್ ಅದೇ ಲಸಿಕೆ ತಾನೇ? ಆಮೇಲೆ ಸ್ವಲ್ಪ ದಿನಕ್ಕೇ ಮಾರುಕಟ್ಟೆಯಿಂದಲೇ ವಾಪಸ್ ತಗೊಂಡರು.

ನಮ್ಮ ಭಾವನ ಕಥೆ ಹೇಳ್ತೀನಿ. ಮೊದಲ ಡೋಸ್ ಆಗಿ ಎರಡು-ಮೂರು ವಾರಕ್ಕೆ ಕಾಲು ಜೋಮು ಹಿಡಿಯಿತು. ಆಮೇಲೆ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಒಂದು ಆಸ್ಪತ್ರೆಗೆ ಕರ್ಕೊಂಡು ಹೋದೆವು. "ಲಸಿಕೆ ಹಾಕಿಸಿಕೊಂಡ ಮೇಲೆ ಹೀಗಾಯ್ತು" ಅಂದರೆ ಅಲ್ಲಿದ್ದವರು ಅದನ್ನು ಚೀಟಿಯಲ್ಲಿ ಬರೆಯೋಕೂ ಒಪ್ಪಲಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಊರಲ್ಲಿ ಹೇಳಿಕೊಂಡು ತಿರುಗಬೇಡಿ" ಅಂದರು. ಭಾವ ಈಗ ಓಡಾಡ್ತಾರೆ, ಆದರೆ ಮಂಡಿಯಲ್ಲಿ ಬಾಕ್ಸ್ ಎತ್ತೋ ಕೆಲಸ ಬಿಟ್ಟರು. ಕೇಳೋರೇ ಇಲ್ಲದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು ಹೇಳಿ.

ಶ್ರೀನಿವಾಸಪುರ ಸಿಸ್ಟರ್

ಅಣ್ಣ, ನಿಮ್ಮ ಭಾವನ ವಿಷಯಕ್ಕೆ ಆಮೇಲೆ ಬರ್ತೀನಿ, ಅದು ಮುಖ್ಯ. ಮೊದಲು ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಾನು ಹಳ್ಳಿ ಪಿಎಚ್‌ಸಿಯಲ್ಲಿ ನರ್ಸ್.

2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾದಾಗ ಮೊದಲು ಹಾಕಿದ್ದು ಆಸ್ಪತ್ರೆ ಕೆಲಸದವರಿಗೇ. ಮಾರ್ಚ್ 1ರಿಂದ 60 ದಾಟಿದವರಿಗೆ, ಜೊತೆಗೆ 45 ದಾಟಿ ಬೇರೆ ಕಾಯಿಲೆ ಇದ್ದವರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ. ಮಾರ್ಚ್‌ನಲ್ಲಿ ಜನ ಬರುತ್ತಲೇ ಇರಲಿಲ್ಲ. ಕೋವಿಶೀಲ್ಡ್ ಒಂದು ವಯಲ್‌ನಲ್ಲಿ ಹತ್ತು ಡೋಸ್. ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು. ಆರು ಜನ ಬೆಂಚಿನ ಮೇಲೆ ಕೂತಿರೋರು, ಇನ್ನು ನಾಲ್ಕು ಜನ ಬರಲಿ ಅಂತ ನಾವು ವಯಲ್ ತೆಗೆಯದೆ ಕಾಯೋದು. ಆಶಾ ಕಾರ್ಯಕರ್ತೆ ಮನೆ ಮನೆಗೆ ಓಡೋರು. ಕೆಲವರು ಅವರನ್ನು ನೋಡಿದ ತಕ್ಷಣ ಮಾವಿನ ತೋಟಕ್ಕೆ ಹೋಗಿಬಿಡೋರು.

ಏಪ್ರಿಲ್ ಕೊನೆಗೆ ಎಲ್ಲಾ ತಿರುಗಿತು. ಬೆಳಗಿನ ಜಾವಕ್ಕೇ ಗೇಟಿನ ಮುಂದೆ ಚಪ್ಪಲಿ ಸಾಲು. ಕೊಡೋಕೆ ಲಸಿಕೆ ಇಲ್ಲ. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50,112 ಕೇಸ್. ಆ ದಿನಗಳಲ್ಲಿ ಉಸಿರು ಸಿಗದೆ ಬಂದವರನ್ನು ಆಟೋದಿಂದ ಇಳಿಸಿಕೊಂಡಿದ್ದೀನಿ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ ಬರೀ 70, 75 ಅಂತ ತೋರಿಸೋದು, ಮನುಷ್ಯ ಮಾತ್ರ "ನಂಗೇನೂ ಆಗಿಲ್ಲ ಸಿಸ್ಟರ್" ಅಂತ ಮಾತಾಡ್ತಾ ಇರೋನು. ಅಂಥವರಲ್ಲಿ ಎಷ್ಟೋ ಜನ ವಾಪಸ್ ಬರಲಿಲ್ಲ.

ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂರಿಸ್ತಿದ್ವಲ್ಲ, ಅದಕ್ಕೆ ಕಾರಣ ಇತ್ತು. ತೀರಾ ಕಡಿಮೆ ಜನರಿಗೆ ಮೈಗೆ ಒಗ್ಗದೆ ಉಸಿರು ಕಟ್ಟಿ, ಬಿಪಿ ಬಿದ್ದುಹೋಗುತ್ತೆ. ಅನಫೈಲಾಕ್ಸಿಸ್ ಅಂತಾರೆ. ಅದಕ್ಕೆ ಅಂತಲೇ ಅಡ್ರಿನಲಿನ್ ಇರೋ ಕಿಟ್ ಟೇಬಲ್ ಮೇಲೆ ರೆಡಿ ಇರುತ್ತೆ. 2021ರ ಮಾರ್ಚ್‌ನಲ್ಲಿ 68 ವರ್ಷದ ಒಬ್ಬರು ಹೀಗೇ ತೀರಿಕೊಂಡರು. ಅದು ಲಸಿಕೆಯಿಂದಲೇ ಆಗಿದ್ದು ಅಂತ ಕೇಂದ್ರದ ಸಮಿತಿಯೇ ಅದೇ ಜೂನ್‌ನಲ್ಲಿ ಹೇಳಿತು. ಇಂಥದ್ದನ್ನು ಮುಚ್ಚಿಟ್ಟು "ಏನೂ ಆಗಲ್ಲ ಬನ್ನಿ" ಅಂತ ಆಟೋ ಮೈಕಿನಲ್ಲಿ ಕೂಗಿಸಿದ್ದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣಲ್ಲ. "ಜ್ವರ ಬರುತ್ತೆ, ಮೈಕೈ ನೋಯುತ್ತೆ, ಇಂಥಿಂಥ ಲಕ್ಷಣ ಕಂಡರೆ ಓಡಿ ಬನ್ನಿ" ಅಂತ ಕೂಗಿಸಿದ್ದರೆ ಜನ ಹೆದರ್ತಿರಲಿಲ್ಲ. ನಮ್ಮ ಜನಕ್ಕೆ ಅಷ್ಟು ತಿಳಿವಳಿಕೆ ಇದೆ.

ಬಂಗಾರಪೇಟೆ ಮಗ

ನಾನು ಇಂಥ ಚರ್ಚೆಗೆ ಬರೋದಿಲ್ಲ. ಸಿಸ್ಟರ್ ಬರೆದಿದ್ದು ಓದಿ ಬರೆಯಬೇಕು ಅನಿಸಿತು. ನಮ್ಮಪ್ಪನಿಗೆ 58, ಶುಗರ್ ಇತ್ತು. ಏಪ್ರಿಲ್ ಮೊದಲ ವಾರದಲ್ಲೇ ಹಾಕಿಸಬಹುದಿತ್ತು. ಯುಗಾದಿ ಕಳೀಲಿ ಅಂದರು. ಯುಗಾದಿ ಆದ ಮೇಲೆ ಯಾರೋ ವಾಟ್ಸಾಪ್‌ನಲ್ಲಿ ಏನೋ ಕಳಿಸಿದರು, ಇನ್ನೂ ಸ್ವಲ್ಪ ದಿನ ನೋಡೋಣ ಅಂದರು. ಮೇ ಶುರುವಿನಲ್ಲಿ ಜ್ವರ ಬಂತು. ಬೆಡ್ ಹುಡುಕುತ್ತಾ ಎರಡು ಜಿಲ್ಲೆ ಸುತ್ತಿದೆವು. ಸಿಕ್ಕಿದ ಮೇಲೂ ಉಳಿಯಲಿಲ್ಲ.

ಅವರ ಜೊತೆಗೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರು, ಅವರಿಗೂ ಶುಗರ್, ಮಾರ್ಚ್‌ನಲ್ಲೇ ಹಾಕಿಸಿಕೊಂಡಿದ್ದರು. ಅವರಿಗೂ ಅದೇ ವಾರ ಕೊರೊನಾ ಬಂತು. ಮನೆಯಲ್ಲೇ ಇದ್ದು ವಾಸಿಯಾಯಿತು. ಲಸಿಕೆ ಹಾಕಿಸಿದ್ದರೆ ಅಪ್ಪ ಖಂಡಿತ ಉಳೀತಿದ್ದರು ಅಂತ ನಾನು ಹೇಳಲ್ಲ, ಅದು ಯಾರಿಗೂ ಗೊತ್ತಾಗೋ ವಿಷಯ ಅಲ್ಲ. ಆದರೆ ಅಪಾಯದ ಮಾತು ಬಂದಾಗ ಸೂಜಿ ಹಾಕಿಸಿಕೊಳ್ಳದೆ ಹೋದವರನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೆಜಿಎಫ್ ಡಾಕ್ಟರ್

ಬಂಗಾರಪೇಟೆಯವರೇ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡ್ತೀನಿ, ಯಾಕೆಂದರೆ ವೈದ್ಯರು ಲೆಕ್ಕ ಹಾಕೋದೂ ಹಾಗೇ. ಸೂಜಿಯ ಅಪಾಯವನ್ನು ಆರೋಗ್ಯವಂತ ಜೀವನದ ಜೊತೆ ಹೋಲಿಸಿದರೆ ಸೂಜಿ ಯಾವಾಗಲೂ ಸೋಲುತ್ತೆ. ಹೋಲಿಸಬೇಕಾಗಿದ್ದು ಕಾಯಿಲೆಯ ಅಪಾಯದ ಜೊತೆ, ಅದೂ ಆ ಹೊತ್ತಿನಲ್ಲಿ, ಆ ವಯಸ್ಸಿನವರಿಗೆ.

ಮೊದಲು ಅಪಾಯ. ಮಂಡಿ ಅಣ್ಣ ಹೇಳಿದ್ದು ಸುಳ್ಳಲ್ಲ. ಕೋವಿಶೀಲ್ಡ್ ಅಂದರೆ ಆಕ್ಸ್‌ಫರ್ಡ್-ಅಸ್ಟ್ರಾಜೆನೆಕಾ ಲಸಿಕೆಯೇ, ಪುಣೆಯ ಸೀರಮ್ ಸಂಸ್ಥೆ ಮಾಡಿದ್ದು. ಅದರಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಕುಸಿಯುವ ತೊಂದರೆ ಆಗುತ್ತೆ. ಟಿಟಿಎಸ್ ಅಂತ ಹೆಸರು. ನಮ್ಮ ದೇಹ ಪ್ಲೇಟ್‌ಲೆಟ್‌ನಲ್ಲಿರುವ ಪಿಎಫ್4 ಅನ್ನೋ ಒಂದು ಪ್ರೋಟೀನಿನ ಮೇಲೆಯೇ ಪ್ರತಿಕಾಯ (ರೋಗದ ವಿರುದ್ಧ ಹೋರಾಡೋಕೆ ದೇಹ ಮಾಡಿಕೊಳ್ಳೋ ವಸ್ತು) ತಯಾರು ಮಾಡಿಬಿಡುತ್ತೆ, ಅದು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತೆ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗೋದು, ಉಸಿರಾಟದ ತೊಂದರೆ, ಒಂದೇ ಕಾಲು ಊದಿಕೊಳ್ಳೋದು, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಇವು ಲಕ್ಷಣ. ಇದು ಕಾಣಿಸೋದು ಲಸಿಕೆ ಆದ 4ನೇ ದಿನದಿಂದ ಸುಮಾರು 42ನೇ ದಿನದೊಳಗೆ. ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್ 7ರಂದೇ ಇದನ್ನು ಅಡ್ಡಪರಿಣಾಮ ಅಂತ ಪಟ್ಟಿಗೆ ಸೇರಿಸಿತು. ಅಂದರೆ 2024ರಲ್ಲಿ ಕೋರ್ಟಿನಲ್ಲಿ ಒಪ್ಪಿದ್ದು ಹೊಸ ಸುದ್ದಿಯೇನಲ್ಲ, ಮೂರು ವರ್ಷದಿಂದ ಗೊತ್ತಿದ್ದಿದ್ದು. ನಮ್ಮ ಹಳ್ಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದಕ್ಕೇ ಜನಕ್ಕೆ ಮೋಸ ಆಯ್ತು ಅನಿಸಿದ್ದು. ಲಸಿಕೆ ವಾಪಸ್ ತಗೊಂಡಿದ್ದಕ್ಕೆ ಕಂಪನಿ ಕೊಟ್ಟ ಕಾರಣ ವ್ಯಾಪಾರದ್ದು: ವೈರಸ್ಸಿನ ಹೊಸ ತಳಿಗಳಿಗೆ ಹೊಂದುವ ಲಸಿಕೆಗಳು ಬೇಕಾದಷ್ಟು ಬಂದಿದ್ದವು. ಸೀರಮ್‌ನವರು 2021ರ ಡಿಸೆಂಬರ್‌ನಿಂದಲೇ ತಯಾರಿಕೆ ನಿಲ್ಲಿಸಿದ್ದರು.

ಎಷ್ಟು ಜನಕ್ಕೆ ಆಗುತ್ತೆ? ಬ್ರಿಟನ್ ಲೆಕ್ಕದಲ್ಲಿ ಮೊದಲ ಡೋಸ್ ನಂತರ 50ಕ್ಕಿಂತ ಚಿಕ್ಕವರಲ್ಲಿ ಸುಮಾರು 50,000ಕ್ಕೆ ಒಬ್ಬರು, 50 ದಾಟಿದವರಲ್ಲಿ ಸುಮಾರು 1 ಲಕ್ಷಕ್ಕೆ ಒಬ್ಬರು. ಹಾಗೆ ಆದವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ತೀರಿಕೊಂಡರು. ಎರಡನೇ ಡೋಸಿಗೆ ಇದು ಇನ್ನೂ ತುಂಬಾ ಕಡಿಮೆ. ನಮ್ಮ ದೇಶದ ಸಮಿತಿ 2021ರ ಮೇನಲ್ಲಿ ಕೊಟ್ಟ ಲೆಕ್ಕ 10 ಲಕ್ಷ ಡೋಸಿಗೆ 0.61. ನಮ್ಮಲ್ಲಿ ಬರೆದುಕೊಳ್ಳದೆ ಬಿಟ್ಟವು ಎಷ್ಟೋ ಇರುತ್ತವೆ, ಭಾವನ ಚೀಟಿಯ ಹಾಗೆ. ಅದಕ್ಕೇ ನಾನು ಬ್ರಿಟನ್ ಲೆಕ್ಕವನ್ನೇ ಹಿಡಿಯುತ್ತೇನೆ.

ಈಗ ಇನ್ನೊಂದು ಕಡೆ. ಲಸಿಕೆ ಬರುವ ಮುಂಚೆ ಕೊರೊನಾ ತಗುಲಿದವರಲ್ಲಿ ಎಷ್ಟು ಜನ ಸತ್ತರು ಅಂತ ಹಲವು ದೇಶಗಳ ಅಂಕಿ ಒಟ್ಟು ಮಾಡಿ ಅಂದಾಜು ಮಾಡಿದ್ದಾರೆ. 25 ವರ್ಷದವರಲ್ಲಿ 10,000ಕ್ಕೆ ಒಬ್ಬರು. 55ರಲ್ಲಿ 1,000ಕ್ಕೆ 4. 65ರಲ್ಲಿ 1,000ಕ್ಕೆ 14. 75ರಲ್ಲಿ 1,000ಕ್ಕೆ 46. ಇದರ ಪಕ್ಕದಲ್ಲಿ 1 ಲಕ್ಷಕ್ಕೆ ಒಬ್ಬರು ಅನ್ನೋದನ್ನು ಇಟ್ಟು ನೋಡಿ. 65 ವರ್ಷದ ಒಂದು ಲಕ್ಷ ಜನಕ್ಕೆ ಕಾಯಿಲೆ ತಗುಲಿದರೆ 1,400 ಸಾವು. ಅಷ್ಟೇ ಜನಕ್ಕೆ ಲಸಿಕೆ ಹಾಕಿದರೆ ಒಬ್ಬರಿಗೆ ಟಿಟಿಎಸ್. ಇಲ್ಲಿ ಯೋಚನೆ ಮಾಡೋ ಹಾಗೇ ಇಲ್ಲ.

25ರ ಹುಡುಗನ ವಿಷಯ ಹಾಗಲ್ಲ. ಅಂತರ ಇದೆ, ಆದರೆ ಅಷ್ಟು ದೊಡ್ಡದಲ್ಲ. ಊರಲ್ಲಿ ಕಾಯಿಲೆಯೇ ಕಡಿಮೆ ಇದ್ದರೆ ಅದೂ ಸಣ್ಣದಾಗುತ್ತೆ. ಬ್ರಿಟನ್‌ನವರು ಅದಕ್ಕೇ ಮೊದಲು 30ರ ಒಳಗಿನವರಿಗೆ, ಆಮೇಲೆ 40ರ ಒಳಗಿನವರಿಗೆ ಬೇರೆ ಲಸಿಕೆ ಕೊಡಿ ಅಂದರು. ಅವರ ಹತ್ತಿರ ಬೇರೆ ಲಸಿಕೆ ಇತ್ತು. ನಮ್ಮಲ್ಲಿ ಆಗ ಕೋವಿಶೀಲ್ಡ್ ಸಿಗೋದೇ ಕಷ್ಟ, ಕೋವ್ಯಾಕ್ಸಿನ್ ಇನ್ನೂ ಕಡಿಮೆ, ಎರಡನೇ ಅಲೆ ಮನೆ ಬಾಗಿಲಲ್ಲಿ. 2021ರ ಜೂನ್-ಜುಲೈ ಸೀರೊ ಸರ್ವೆ (ಜನರ ರಕ್ತ ಪರೀಕ್ಷೆ ಮಾಡಿ ನೋಡೋ ಸಮೀಕ್ಷೆ) ಹೊತ್ತಿಗೆ ದೇಶದಲ್ಲಿ 6 ವರ್ಷ ದಾಟಿದ 100 ಜನರಲ್ಲಿ 67ಕ್ಕೂ ಹೆಚ್ಚು ಜನರ ರಕ್ತದಲ್ಲಿ ಪ್ರತಿಕಾಯ ಇತ್ತು. "ನನಗೆ ಬರಲ್ಲ" ಅನ್ನೋ ಮಾತಿಗೆ ಅರ್ಥವೇ ಇರಲಿಲ್ಲ.

ಮಂಡಿ ಅಣ್ಣ, ನಿಮ್ಮ ಭಾವನನ್ನು ನೋಡದೆ ಏನೂ ಹೇಳೋಕಾಗಲ್ಲ. ಆದರೆ ಕಾಲಿನಿಂದ ಶುರುವಾಗಿ ಶಕ್ತಿ ಕಡಿಮೆಯಾಗೋ ಗಿಲ್ಲನ್-ಬಾರೆ ಸಿಂಡ್ರೋಮ್ ಅಂತ ಒಂದು ನರದ ತೊಂದರೆ ಇದೆ. ಅದನ್ನೂ ಈ ಲಸಿಕೆಯ ತೀರಾ ಅಪರೂಪದ ಅಡ್ಡಪರಿಣಾಮ ಅಂತ ಯುರೋಪಿನವರು 2021ರಲ್ಲೇ ಸೇರಿಸಿದ್ದಾರೆ. ಬೇರೆ ಸೋಂಕುಗಳ ನಂತರವೂ ಅದು ಬರುತ್ತೆ, ಕೊರೊನಾ ನಂತರವೂ ಬಂದಿದೆ. ನಿಮ್ಮ ಮಾತನ್ನು ಬರೆದುಕೊಳ್ಳದೆ ಕಳಿಸಿದ್ದು ಮಾತ್ರ ತಪ್ಪು. ವೈದ್ಯನಾಗಿ ನನಗೆ ಅದು ಬೇಜಾರಿನ ವಿಷಯ.

ನರಸಾಪುರ ಶಿಫ್ಟ್

ಡಾಕ್ಟರ್ ಸರ್, ನನಗೆ ಆಗ 24. ಫ್ಯಾಕ್ಟರಿ ಗೇಟಿನಲ್ಲಿ ಸರ್ಟಿಫಿಕೇಟ್ ತೋರಿಸಿದರೆ ಒಳಗೆ, ಇಲ್ಲಾಂದ್ರೆ ಸಂಬಳ ಕಟ್. ಯಾರೂ ನನಗೆ 50,000ಕ್ಕೆ ಒಬ್ಬರು ಅನ್ನೋ ಲೆಕ್ಕ ಹೇಳಲಿಲ್ಲ. ಹೇಳಿದ್ದರೂ ಹಾಕಿಸಿಕೊಳ್ತಿದ್ದೆ, ಮನೆಯಲ್ಲಿ ಅಜ್ಜಿ ಇದ್ದರು. ಆದರೆ ನಾನೇ ಯೋಚನೆ ಮಾಡಿ ಹಾಕಿಸಿಕೊಳ್ಳೋದು ಬೇರೆ, ಹೆದರಿಸಿ ಹಾಕಿಸೋದು ಬೇರೆ. ಅಲ್ವಾ?

ಬೇತಮಂಗಲ ಮೇಷ್ಟ್ರು

ಖಂಡಿತ ಬೇರೆ. ಸುಪ್ರೀಂ ಕೋರ್ಟ್ ಕೂಡ 2022ರ ಮೇ 2ರಂದು ಅದನ್ನೇ ಹೇಳಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ, ಮೈ ನಮ್ಮದು. ಅದೇ ತೀರ್ಪಿನಲ್ಲಿ ಸರ್ಕಾರದ ಲಸಿಕೆ ನೀತಿ ಅಸಮಂಜಸ ಅಂತ ಹೇಳೋಕಾಗಲ್ಲ ಅಂತಲೂ ಇದೆ, ಅಡ್ಡಪರಿಣಾಮಗಳ ವರದಿ ಜನರಿಗೆ ಸಿಗೋ ಹಾಗೆ ಮಾಡಿ ಅಂತಲೂ ಇದೆ. ಜನ ತಮಗೆ ಬೇಕಾದ ಅರ್ಧವನ್ನು ಮಾತ್ರ ಫಾರ್ವರ್ಡ್ ಮಾಡ್ತಾರೆ.

ನಾನು ಗಣಿತ ಮೇಷ್ಟ್ರು. ಹಾರ್ಟ್ ಅಟ್ಯಾಕ್ ವಿಷಯಕ್ಕೆ ಒಂದು ಮಾತು. "ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರು" ಅಂತ ಹೇಳ್ತಾರಲ್ಲ, ಅದು ಹೆಚ್ಚುಕಡಿಮೆ ನಿಜವೇ. ಆದರೆ ಬದುಕಿರೋರೂ ಹಾಕಿಸಿಕೊಂಡಿದ್ದಾರೆ! ಒಂದು ಊರಲ್ಲಿ 1,000 ಜನ ದೊಡ್ಡವರು, ಅದರಲ್ಲಿ 950 ಜನ ಲಸಿಕೆ ತಗೊಂಡಿದ್ದಾರೆ ಅಂತ ಇಟ್ಕೊಳ್ಳಿ. ಲಸಿಕೆಗೂ ಹೃದಯಕ್ಕೂ ಏನೇನೂ ಸಂಬಂಧ ಇಲ್ಲದಿದ್ದರೂ, 20 ಜನ ಹೃದಯದಿಂದ ಹೋದರೆ ಅದರಲ್ಲಿ 19 ಜನ ಲಸಿಕೆಯವರೇ ಆಗಿರ್ತಾರೆ. ಆ 19 ಮಾತ್ರ ಹೇಳಿ 950 ಹೇಳದಿದ್ದರೆ, ಮಂಡಿಯಲ್ಲಿ ಬಾಕ್ಸಿನ ತೂಕ ಕಳೆಯದೆ ಹಣ್ಣಿನ ತೂಕ ಹೇಳಿದ ಹಾಗೆ.

ಹಾಗಾದರೆ ಸರಿಯಾಗಿ ಹೋಲಿಸೋದು ಹೇಗೆ? ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಮಾಡಿದ್ದಾರೆ. 18ರಿಂದ 45 ವರ್ಷದೊಳಗೆ, ಮೊದಲು ಯಾವ ಕಾಯಿಲೆಯೂ ಗೊತ್ತಿಲ್ಲದೆ, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್ ನಡುವೆ ದಿಢೀರ್ ಸತ್ತ 729 ಜನರನ್ನು ತಗೊಂಡರು. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಕಡೆಯ ನಾಲ್ಕು ಜನ ಬದುಕಿರೋರು, ಒಟ್ಟು 2,916. ಎರಡೂ ಗುಂಪಿನ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿದರು. ಲಸಿಕೆಯಿಂದ ಸಾವಿನ ಅಪಾಯ ಜಾಸ್ತಿ ಆಗಿರಲಿಲ್ಲ. ಎರಡು ಡೋಸ್ ತಗೊಂಡವರಲ್ಲಿ ಕಡಿಮೆಯೇ ಇತ್ತು. ಅಪಾಯ ಜಾಸ್ತಿ ಇದ್ದಿದ್ದು ಯಾರಿಗೆ? ಕೊರೊನಾ ಬಂದು ಆಸ್ಪತ್ರೆ ಸೇರಿದ್ದವರಿಗೆ, ಮನೆಯಲ್ಲಿ ಯಾರಾದರೂ ಹಾಗೇ ದಿಢೀರ್ ಹೋಗಿದ್ದವರಿಗೆ, ಸಾಯುವ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿದವರಿಗೆ, ಮಾದಕ ವಸ್ತು ತಗೊಂಡವರಿಗೆ, ಮೈಮೀರಿ ದಣಿದವರಿಗೆ.

ಚಿಕ್ಕ ವಯಸ್ಸಿನವರ ದಿಢೀರ್ ಸಾವಿನ ಬಗ್ಗೆ ನಮ್ಮ ರಾಜ್ಯ ಸರ್ಕಾರವೇ ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತಲ್ಲ. ಅವರು ಸುಮಾರು 250 ರೋಗಿಗಳನ್ನು ನೋಡಿ ಕೊಟ್ಟ ವರದಿಯಲ್ಲೂ ಲಸಿಕೆಗೂ ಚಿಕ್ಕ ವಯಸ್ಸಿನ ಹೃದಯಾಘಾತಕ್ಕೂ ನಂಟು ಸಿಗಲಿಲ್ಲ. ಸಿಕ್ಕಿದ್ದು ಬಿಪಿ, ಶುಗರ್, ಸಿಗರೇಟು. ಮುಖ್ಯಮಂತ್ರಿಗಳ ಮಾತು ಎಲ್ಲರ ಫೋನಿಗೂ ಬಂತು. ಈ ವರದಿ ಎಷ್ಟು ಜನಕ್ಕೆ ಬಂತು?

ಟೊಮೇಟೊ ಮಂಡಿ

ಮೇಷ್ಟ್ರೇ, ಬಾಕ್ಸಿನ ಲೆಕ್ಕ ಅರ್ಥ ಆಯ್ತು. ಒಪ್ಪಿದೆ. ಆದರೆ 50,000ಕ್ಕೆ ಒಬ್ಬರು ಅನ್ನೋದು ನಿಮಗೆ ಲೆಕ್ಕ. ಆ ಒಬ್ಬರ ಮನೆಯವರಿಗೆ ಅದು ನೂರಕ್ಕೆ ನೂರು. ದೇಶಕ್ಕೆ ಒಳ್ಳೆಯದಾಗಲಿ ಅಂತ ತಾನೇ ಅವರು ಹಾಕಿಸಿಕೊಂಡಿದ್ದು? ಅವರಿಗೆ ಏನು ಸಿಕ್ಕಿತು?

ಕೆಜಿಎಫ್ ಡಾಕ್ಟರ್

ಅಣ್ಣ, ಈ ಪ್ರಶ್ನೆಗೆ ನನ್ನ ಹತ್ತಿರ ಸಮಾಧಾನ ಇಲ್ಲ. ಬ್ರಿಟನ್‌ನಲ್ಲಿ ಲಸಿಕೆಯಿಂದ ತೀವ್ರ ಅಂಗವೈಕಲ್ಯ ಆದರೆ 1,20,000 ಪೌಂಡ್ ಕೊಡುವ ಯೋಜನೆ ಇದೆ. ನಮ್ಮಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿ ಸುಪ್ರೀಂ ಕೋರ್ಟಿಗೆ ಹೋದಾಗ, 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೇಳಿದ್ದು ಲಸಿಕೆ ಸ್ವಯಂಪ್ರೇರಿತ, ಪರಿಹಾರದ ಹೊಣೆ ನಮ್ಮದಲ್ಲ ಅಂತ. ನನಗೆ ಇದು ಸರಿ ಅನಿಸಲ್ಲ. ಒಂದು ಕಡೆ ಗೇಟಿನಲ್ಲಿ ಸರ್ಟಿಫಿಕೇಟ್ ಕೇಳೋದು, ಇನ್ನೊಂದು ಕಡೆ ನಿಮ್ಮಿಷ್ಟದಿಂದ ಹಾಕಿಸಿಕೊಂಡಿರಿ ಅನ್ನೋದು, ಎರಡೂ ಒಟ್ಟಿಗೆ ಹೇಗೆ ಆಗುತ್ತೆ? ಎಲ್ಲರ ಒಳಿತಿಗೆ ಅಂತ ನಾವು ಕೇಳಿಕೊಂಡ ಮೇಲೆ, ಪೆಟ್ಟು ತಿಂದವರನ್ನು ನೋಡಿಕೊಳ್ಳೋದೂ ಎಲ್ಲರ ಕೆಲಸ. ಲಸಿಕೆ ಪರ ಇರೋ ವೈದ್ಯರೇ ಇದನ್ನು ಜೋರಾಗಿ ಹೇಳಬೇಕು.

ತರಾತುರಿ ಅನ್ನೋ ಮಾತಿಗೂ ಒಂದು ಉತ್ತರ. ಕೋವ್ಯಾಕ್ಸಿನ್ ವಿಷಯದಲ್ಲಿ ಆ ದೂರು ಪೂರ್ತಿ ಸುಳ್ಳಲ್ಲ. 2021ರ ಜನವರಿಯಲ್ಲಿ ಅನುಮತಿ ಕೊಟ್ಟಾಗ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಆಮೇಲೆ ಬಂತು, ಸುಮಾರು 78 ಪರ್ಸೆಂಟ್ ರಕ್ಷಣೆ. ವಿಶ್ವ ಆರೋಗ್ಯ ಸಂಸ್ಥೆ ನವೆಂಬರ್‌ನಲ್ಲಿ ಒಪ್ಪಿತು. ಫಲ ಒಳ್ಳೆಯದೇ ಬಂದರೂ ಕ್ರಮ ಸರಿ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅಂದಹಾಗೆ ತಂಗಿ, ಆ ಲಸಿಕೆಯನ್ನು ನಿಮ್ಮ ಮಾಲೂರಿನ ಘಟಕದಲ್ಲೂ ತಯಾರಿಸಿದರು. ಅದು ಸತ್ತ ವೈರಸ್‌ನಿಂದ ಮಾಡಿದ್ದು, ಟಿಟಿಎಸ್ ತೊಂದರೆ ಅದಕ್ಕೆ ಅಂಟಿಲ್ಲ. ಇನ್ನು ಹುಡುಗರಲ್ಲಿ ಹೃದಯದ ಸ್ನಾಯು ಊದಿಕೊಳ್ಳುತ್ತೆ ಅಂತ ವಿದೇಶದ ಸುದ್ದಿ ಬರುತ್ತಲ್ಲ, ಅದು ಫೈಜರ್, ಮಾಡರ್ನಾ ಲಸಿಕೆಗಳಿಗೆ ಸೇರಿದ್ದು. ನಮ್ಮೂರಿನ ಪಿಎಚ್‌ಸಿಗಳಲ್ಲಿ ಅವನ್ನು ಕೊಟ್ಟೇ ಇಲ್ಲ.

ಉಪಕಾರದ ಲೆಕ್ಕವೂ ಇರಲಿ. ತಮಿಳುನಾಡಿನ ಪೊಲೀಸರ ಮೇಲೆ ಎರಡನೇ ಅಲೆಯಲ್ಲೇ ಮಾಡಿದ ಅಧ್ಯಯನದಲ್ಲಿ ಒಂದು ಡೋಸ್ ಸಾವನ್ನು 82 ಪರ್ಸೆಂಟ್, ಎರಡು ಡೋಸ್ 95 ಪರ್ಸೆಂಟ್ ತಡೆದಿತ್ತು. ಲಂಡನ್‌ನ ಇಂಪೀರಿಯಲ್ ಕಾಲೇಜಿನವರ ಅಂದಾಜಿನಲ್ಲಿ ಮೊದಲ ವರ್ಷ ಭಾರತದಲ್ಲಿ ಲಸಿಕೆ ಉಳಿಸಿದ್ದು ಸುಮಾರು 42 ಲಕ್ಷ ಜೀವ. ಅಂದಾಜು ಅಂದಮೇಲೆ ಹಿಂದೆಮುಂದೆ ಇರುತ್ತೆ. ಅರ್ಧ ಅಂತಲೇ ತಗೊಂಡರೂ ನಮ್ಮ ಕೋಲಾರ ಜಿಲ್ಲೆಯ ಒಟ್ಟು ಜನರಿಗಿಂತ ಜಾಸ್ತಿ.

ಮಾಲೂರು ತಂಗಿ

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ, 65 ವರ್ಷದವರ ಲೆಕ್ಕ ಬಂದಾಗ ಇನ್ನೊಂದು ಸಲ ಓದು ಅಂದರು. ಡಿ-ಡೈಮರ್ ಮಾಡಿಸಬೇಕಾ ಡಾಕ್ಟರ್? ಅಣ್ಣ ಪಕ್ಕದಲ್ಲೇ ಕೂತಿದ್ದಾನೆ.

ಕೆಜಿಎಫ್ ಡಾಕ್ಟರ್

ಬೇಡ. ಲಸಿಕೆಯಿಂದ ರಕ್ತ ಹೆಪ್ಪುಗಟ್ಟೋದಿದ್ದರೆ ಆ ಮೊದಲ ಆರು ವಾರದಲ್ಲೇ ಆಗಿರ್ತಿತ್ತು. ಇಷ್ಟು ವರ್ಷದ ಮೇಲೆ ಡಿ-ಡೈಮರ್ ನೋಡಿದರೆ ಲಸಿಕೆ ಬಗ್ಗೆ ಅದು ಏನನ್ನೂ ಹೇಳಲ್ಲ. ಅದು ನೆಗಡಿ-ಜ್ವರ ಬಂದರೂ, ಪೆಟ್ಟು ಬಿದ್ದರೂ ಜಾಸ್ತಿ ಆಗುತ್ತೆ. ಸುಮ್ನೆ ದುಡ್ಡು ಕೊಟ್ಟು ಭಯ ಕೊಂಡುಕೊಂಡ ಹಾಗಾಗುತ್ತೆ.

ಆದರೆ ಎದೆ ಚುಳುಕ್ ಅನ್ನೋದನ್ನು ಹಗುರ ಮಾಡಬೇಡಿ. 36 ವರ್ಷಕ್ಕೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಲೇಬೇಕು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತೆ. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಸೂಜಿಯ ಮೇಲೆ ತಪ್ಪು ಹೊರಿಸಿದರೆ ದೊಡ್ಡ ನಷ್ಟ ಇದೇ. "ಲಸಿಕೆ ಆಗೋಗಿದೆ, ಇನ್ನೇನು ಮಾಡೋಕಾಗುತ್ತೆ" ಅಂತ ಜನ ಬಿಪಿ ನೋಡಿಸೋದೇ ಬಿಟ್ಟಿದ್ದಾರೆ. ನನ್ನ ಹತ್ತಿರ ಬರೋ ನಲವತ್ತರ ಒಳಗಿನ ಎಷ್ಟೋ ಜನಕ್ಕೆ ಶುಗರ್ ಇರೋದು ಮೊದಲ ಸಲ ಗೊತ್ತಾಗೋದೇ ಎದೆನೋವು ಬಂದ ದಿನ. ಅಣ್ಣ ಸಿಗರೇಟು ಸೇದ್ತಾರಾ? ಇಲ್ಲಿ ಹೇಳೋದು ಬೇಡ, ಅಲ್ಲಿನ ಡಾಕ್ಟರಿಗೆ ಹೇಳಲಿ. ನಡೆದಾಗ ಎದೆ ಹಿಡಿದುಕೊಂಡು, ಎಡಗೈಗೋ ದವಡೆಗೋ ನೋವು ಹರಡಿ, ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬಾರದು, 108ಕ್ಕೆ ಫೋನ್ ಮಾಡಿ.

ನಿಮ್ಮ ಬೀದಿಯವರಿಗೆ ಏನಾಗಿತ್ತು ಅಂತ ಯಾರಿಗೂ ಹೇಳೋಕಾಗಲ್ಲ. ಮರಣೋತ್ತರ ಪರೀಕ್ಷೆ ಆಗದೆ ಹಾರ್ಟ್ ಅಟ್ಯಾಕ್ ಅನ್ನೋದೂ ಊಹೆಯೇ, ಲಸಿಕೆ ಅನ್ನೋದೂ ಊಹೆಯೇ.

ಶ್ರೀನಿವಾಸಪುರ ಸಿಸ್ಟರ್

ತಂಗಿ, ಪಾಪು ವಿಷಯ ನಾನು ಹೇಳ್ತೀನಿ. ಅತ್ತಿಗೆಯನ್ನು ಬೈಯಬೇಡಿ. ಅವರಿಗೆ ಮಗು ಮೇಲಿನ ಪ್ರೀತಿ ಜಾಸ್ತಿ ಆಗಿ ಭಯ ಬಂದಿದೆ. ಎರಡು ವಿಷಯ ಬೇರೆ ಬೇರೆ ಇಟ್ಟು ಹೇಳಿ. ಕೊರೊನಾ ಲಸಿಕೆ ಹೊಸದು, ಮಕ್ಕಳಿಗೆ ಕೊರೊನಾ ಅಪಾಯವೂ ಕಡಿಮೆ. ಹತ್ತು ತಿಂಗಳ ಮಗುಗೆ ಅದನ್ನು ಯಾರೂ ಕೇಳ್ತಿಲ್ಲ. ದಡಾರ-ರುಬೆಲ್ಲಾ ಲಸಿಕೆ ಹಾಗಲ್ಲ. ದಡಾರದ ಲಸಿಕೆ ಅತ್ತಿಗೆ ಮಗುವಾಗಿದ್ದಾಗಲೂ ಇತ್ತು, ಅವರಿಗೂ ಹಾಕಿರಬಹುದು, ಅವರ ಅಮ್ಮನನ್ನು ಕೇಳಲಿ. ದಡಾರ ಬಂದ ಒಂದು ಮಗುವಿನಿಂದ ಲಸಿಕೆ ಇಲ್ಲದ 12ರಿಂದ 18 ಜನಕ್ಕೆ ಹರಡುತ್ತೆ. ನ್ಯುಮೋನಿಯಾ ಆಗುತ್ತೆ, ಕೆಲವರಿಗೆ ಮೆದುಳಿಗೆ ಏರುತ್ತೆ. ಇಲ್ಲಿ ಅಪಾಯ ದೊಡ್ಡವರಿಗಲ್ಲ, ಮಗುಗೇ.

ಲಸಿಕೆ ಆದ ಒಂದು ವಾರ-ಹತ್ತು ದಿನಕ್ಕೆ ಸಣ್ಣ ಜ್ವರ, ಮೈಮೇಲೆ ಸ್ವಲ್ಪ ಗುಳ್ಳೆ ಬರಬಹುದು. ಇದನ್ನು ಮೊದಲೇ ಹೇಳಿ. ಮುಚ್ಚಿಟ್ಟು, ಆಮೇಲೆ ಜ್ವರ ಬಂದರೆ ಅವರು ಮುಂದಿನ ಲಸಿಕೆಗೆ ಬರಲ್ಲ. ತಾಯಿ ಕಾರ್ಡ್ ತಗೊಂಡು ಬರಲಿ. ತಡ ಆಯ್ತು ಅಂತ ಸಂಕೋಚ ಬೇಡ, ಹತ್ತು ತಿಂಗಳಿಗೂ ಹಾಕ್ತೀವಿ. ಅಂಗನವಾಡಿಗೆ ಬರೋಕೆ ಅವರಿಗೆ ಮುಜುಗರ ಆದರೆ ಸೀದಾ ಪಿಎಚ್‌ಸಿಗೆ ಬರಲಿ, ಕೂತು ಕೇಳಬೇಕಾದ್ದೆಲ್ಲ ಕೇಳಲಿ.

ಮಾಲೂರು ತಂಗಿ

ಅತ್ತಿಗೆಗೆ ಫೋನ್ ಕೊಟ್ಟೆ, ಪೂರ್ತಿ ಓದಿದರು. "ಜ್ವರ ಬರುತ್ತೆ ಅಂತ ಮೊದಲೇ ಹೇಳಿದ್ದು ಇವರೊಬ್ಬರೇ" ಅಂದರು. ಹಾಕಿಸ್ತೀನಿ ಅಂತ ಇನ್ನೂ ಹೇಳಿಲ್ಲ. ತಾಯಿ ಕಾರ್ಡ್ ಎಲ್ಲಿದೆ ಅಂತ ಮಾತ್ರ ಕೇಳಿದರು.

ನರಸಾಪುರ ಶಿಫ್ಟ್

ಈಗ ಮತ್ತೆ ಬೂಸ್ಟರ್ ತಗೋಬೇಕಾ? ಅಜ್ಜಿಗೆ 80.

ಕೆಜಿಎಫ್ ಡಾಕ್ಟರ್

ನಿಮ್ಮ ವಯಸ್ಸಿಗೆ, ಆರೋಗ್ಯ ಚೆನ್ನಾಗಿದ್ದರೆ, ಬೇಡ ಅಂತ ನನ್ನ ಅನಿಸಿಕೆ. ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಸಲ ಸೋಂಕು ಬಂದು ಹೋಗಿದೆ, ಕಾಯಿಲೆಯ ಕಾವೂ ಇಳಿದಿದೆ. ಅಪಾಯದ ಕಡೆ ತೂಕ ಇಳಿದರೆ ಉಪಕಾರದ ಲೆಕ್ಕವೂ ಬದಲಾಗುತ್ತೆ. ಅಜ್ಜಿ ವಿಷಯ ಅವರನ್ನು ನೋಡೋ ಡಾಕ್ಟರ್ ಹತ್ತಿರ ಕೇಳಿ, ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದರೆ ಖಂಡಿತ ಕೇಳಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು-ಜ್ವರ ಇದ್ದಾಗ ಅವರ ಹತ್ತಿರ ಹೋಗೋರು ಮಾಸ್ಕ್ ಹಾಕಿಕೊಳ್ಳಲಿ.

ಟೊಮೇಟೊ ಮಂಡಿ

ಸಿಸ್ಟರ್, ಭಾವನ ವಿಷಯ ಆಮೇಲೆ ಹೇಳ್ತೀನಿ ಅಂದಿರಿ. ಇಷ್ಟು ವರ್ಷ ಆದ ಮೇಲೂ ಯಾರಿಗಾದರೂ ಹೇಳಬಹುದಾ?

ಶ್ರೀನಿವಾಸಪುರ ಸಿಸ್ಟರ್

ಹೇಳಬೇಕು ಅಣ್ಣ. ಲಸಿಕೆ ನಂತರ ಆದ ತೊಂದರೆಯನ್ನು ಎಇಎಫ್‌ಐ ಅಂತ ಬರೆದುಕೊಳ್ಳೋ ವ್ಯವಸ್ಥೆ ಇದೆ. ಪಿಎಚ್‌ಸಿ ವೈದ್ಯಾಧಿಕಾರಿಯಿಂದ ಜಿಲ್ಲೆಯ ಲಸಿಕಾ ಅಧಿಕಾರಿಗೆ ಹೋಗುತ್ತೆ. ಜಿಲ್ಲೆ, ರಾಜ್ಯ, ದೇಶ, ಮೂರು ಕಡೆಯೂ ಸಮಿತಿ ಇದೆ. ಲಸಿಕೆಯಿಂದಲೇ ಆಯಿತಾ ಇಲ್ಲವಾ ಅಂತ ತೀರ್ಮಾನ ಮಾಡೋದು ಅವರು. ಬರೆದುಕೊಳ್ಳೋ ಮುಂಚೆಯೇ ಕೌಂಟರಿನಲ್ಲಿ ಕೂತವರು ತೀರ್ಮಾನ ಮಾಡೋ ಹಾಗಿಲ್ಲ. ದುಡ್ಡು ಸಿಗುತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ.

ಲಸಿಕೆ ಸರ್ಟಿಫಿಕೇಟ್ ಇಟ್ಕೊಳ್ಳಿ, ಅದರಲ್ಲಿ ತಾರೀಖು, ಲಸಿಕೆ ಹೆಸರು ಇರುತ್ತೆ. ಆಗಿನ ಆಸ್ಪತ್ರೆ ಚೀಟಿ, ನರದ ಟೆಸ್ಟ್, ಸ್ಕ್ಯಾನ್ ಏನಿದ್ದರೂ ಜೆರಾಕ್ಸ್ ಮಾಡಿಸಿ. ಕಾಲು ಜೋಮು ಶುರುವಾದ ದಿನ ಯಾವುದು ಅಂತ ಅಕ್ಕನನ್ನು ಕೇಳಿ ಬರೆದಿಡಿ, ಅದೇ ಮುಖ್ಯ. ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಟೊಮೇಟೊ ಮಂಡಿ

ಸರಿ ಸಿಸ್ಟರ್. ಚೀಟಿ ಎಲ್ಲಾ ಅಕ್ಕನ ಮನೆ ಬೀರುವಿನಲ್ಲಿ ಇರಬೇಕು. ಸಿಕ್ಕಿದರೆ ಇಲ್ಲಿ ಫೋಟೋ ಹಾಕಲಾ, ಡಾಕ್ಟರ್ ಸರ್ ನೋಡ್ತಾರಾ?

ಶ್ರೀನಿವಾಸಪುರ ಸಿಸ್ಟರ್

ಇಲ್ಲಿ ಬೇಡ ಅಣ್ಣ. ಅದರ ಮೇಲೆ ಭಾವನ ಹೆಸರು, ಫೋನ್ ನಂಬರ್ ಎಲ್ಲಾ ಇರುತ್ತೆ. ಸೀದಾ ಆಸ್ಪತ್ರೆಗೆ ತಗೊಂಡು ಹೋಗಿ, ಭಾವನನ್ನೂ ಜೊತೆಗೆ ಕರ್ಕೊಂಡು ಹೋಗಿ.